ಕ್ಲಚ್ಚಿಲ್ಲದ ಕಾರಿಗೆ ಚೌಕಾಸಿ

ನಮ್ಮ ಮನೆಯಲ್ಲಿ ಚೌಕಾಸಿ ಮಾಡಲು ಬರುವುದು ನನಗೊಬ್ಬಳಿಗೇ. ಉಳಿದವರಿಗೆಲ್ಲ ದಾಕ್ಷಿಣ್ಯದ ಕಾಯಿಲೆ. ಅಪ್ಪ ಬಂಗಡೆ ಕೊಳ್ಳಲು ಹೋದರೆ, ಮೀನು ಮೆತ್ತಗಾಗಿದೆ ಎಂದು ಹೇಳಲು ಬಾಯಿ ಬಾರದೆ, "ಬೇಗ ಬೇಯ್ತದೆ ಬಿಡು" ಎಂದು ಮೀನಿನವನಿಗೇ ಸಮಾಧಾನ ಹೇಳಿ ದುಡ್ಡು ಕೊಟ್ಟು ಬರುತ್ತಾನೆ. ಅಮ್ಮ ಸೀರೆ ಅಂಗಡಿಯಲ್ಲಿ ನಾಲ್ಕು ಸೀರೆ ಬಿಚ್ಚಿಸಿದರೆ, ಬಿಚ್ಚಿದವನಿಗೆ ತೊಂದರೆಯಾಯಿತಲ್ಲ ಎಂದು ತಾನೇ ಕೂತು ಮಡಚಿ ಕೊಡುತ್ತಾಳೆ. ಅಜ್ಜಿಯಂತೂ ಮನೆಗೆ ಬಂದ ಬಳೆಗಾರನನ್ನು ಊಟಕ್ಕೆ ಕೂರಿಸಿ, ಅವನ ಮಗಳ ಬಾಣಂತನದ ಸಮಾಚಾರವನ್ನೆಲ್ಲ ಕೇಳಿ, ಕೊನೆಗೆ ಬಳೆ ಕೊಳ್ಳುವುದನ್ನೇ ಮರೆಯುತ್ತಾಳೆ. ಮರೆತದ್ದಕ್ಕೆ ಬೇಜಾರಾಗಿ ಮರುದಿನ ಅವನಿಗೆ ಬಸ್ಸಿನಲ್ಲಿ ಒಂದು ಹಲಸಿನ ಹಣ್ಣು ಕಳಿಸುತ್ತಾಳೆ.

ನಾನು ಹಾಗಲ್ಲ. ನಾನು ಪಿಯುಸಿ ಕಾಮರ್ಸು. ಕಾರು ಕೊಳ್ಳುವಾಗ ಶೋರೂಮಿನವರನ್ನು ಹೇಗೆ ಬಗ್ಗಿಸಬೇಕು ಎಂಬ ಬಗ್ಗೆ ಲೋಕದಲ್ಲಿ ಎಷ್ಟು ವಿಡಿಯೋ ಇವೆಯೋ ಅಷ್ಟನ್ನೂ ನೋಡಿ ಮುಗಿಸಿದ್ದೆ. ತೋರಿಸಲು ಇನ್ನೇನೂ ಉಳಿಯದೆ ನನ್ನ ಫೋನು ಟ್ರ್ಯಾಕ್ಟರ್, ಜೆಸಿಬಿ ತೋರಿಸಲು ಶುರುಮಾಡಿತ್ತು.

ಕಾರು ಬೇಕಾಗಿದ್ದು ಅಮ್ಮನಿಗೆ. ಅಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಅಮ್ಮ ಹೊಸನಗರ ದಾಟಿದ ಮೇಲೆ ಸಿಗುವ ಒಂದು ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ದಿನಾ ಬೆಳಿಗ್ಗೆ, ಹೊಸನಗರಕ್ಕೂ ಮೊದಲು ಸಿಗುವ ನಮ್ಮ ಮನೆಯ ಹತ್ತಿರ ಗಂಡನ ಬಸ್ಸು ಹತ್ತಿ, ಗಂಡನ ಹಿಂದಿನ ಸೀಟಿನಲ್ಲೇ ಕೂತು ಕೈಮರದವರೆಗೆ ಹೋಗುತ್ತಿದ್ದಳು. ಕೈಮರ ಎಂದರೆ ರಸ್ತೆ ಕವಲೊಡೆಯುವ ಜಾಗ. ಬಸ್ಸು ಅಲ್ಲಿಂದ ನೇರ ಹೋಗುತ್ತದೆ. ಶಾಲೆ ಇರುವುದು ಎಡಗಡೆಯ ಗುಡ್ಡದ ಮೇಲೆ. ಮೂರು ತಾಲೂಕಿನ ಜನರನ್ನು ಅವರವರ ಮನೆ ಬಾಗಿಲಿಗೆ ಇಳಿಸುವ ನನ್ನಪ್ಪನಿಗೆ ಹೆಂಡತಿಯನ್ನು ಆ ಗುಡ್ಡ ಹತ್ತಿಸಲು ಮಾತ್ರ ಆಗುತ್ತಿರಲಿಲ್ಲ. ಅವಳು ನಡೆದೇ ಹತ್ತಬೇಕಿತ್ತು.

ಹಿಂದೊಮ್ಮೆ ಹಿತ್ತಲಿನ ಮೆಟ್ಟಿಲ ಪಾಚಿಯಲ್ಲಿ ಜಾರಿ ಅಮ್ಮನ ಎಡಗಾಲಿನ ಹರಡು ಮುರಿದಿತ್ತು. ಡಾಕ್ಟರು ಒಳಗೆ ರಾಡು ಹಾಕಿದ್ದರು. ರಾಡು ಗಟ್ಟಿಯಾಗಿಯೇ ಇದೆ, ಕಾಲಿಗೂ ಅದಕ್ಕೂ ಮಾತ್ರ ಹೊಂದಿಕೆಯಾಗಿಲ್ಲ. ಸಂಜೆ ಬಂದು ಚಪ್ಪಲಿ ಬಿಚ್ಚಿದರೆ ಊದಿದ ಕಾಲಿನ ಮೇಲೆ ಪಟ್ಟಿಯ ಅಚ್ಚು ಬಿದ್ದಿರುತ್ತಿತ್ತು. ಅಜ್ಜಿ ಬಕೆಟ್ಟಿನಲ್ಲಿ ಬಿಸಿನೀರು ತಂದಿಡುತ್ತಿದ್ದಳು. ಅಪ್ಪ ಆ ಹೊತ್ತಿಗೆ ಸರಿಯಾಗಿ ಟಿವಿಯ ಸೌಂಡು ಹೆಚ್ಚು ಮಾಡುತ್ತಿದ್ದ.

ಅಮ್ಮ ಡ್ರೈವಿಂಗ್ ಸ್ಕೂಲಿಗೂ ಸೇರಿದ್ದಳು. ಕ್ಲಚ್ಚು ಒತ್ತುವಾಗ ಮುಖದಲ್ಲಿ ನಗು ಉಳಿಸಿಕೊಳ್ಳುವುದನ್ನು ಕಲಿತಳೇ ಹೊರತು ಕ್ಲಚ್ಚು ಒತ್ತುವುದು ಅವಳ ಎಡಗಾಲಿಗೆ ಒಗ್ಗಲೇ ಇಲ್ಲ. ಹಾಗಿದ್ದೂ ಲೈಸೆನ್ಸು ಸಿಕ್ಕಿತು. ಪರೀಕ್ಷೆ ನಡೆದದ್ದು ಸಪಾಟಾದ ಮೈದಾನದಲ್ಲಿ, ಮತ್ತು ನಮ್ಮ ಸೀಮೆಯಲ್ಲಿ ಸಪಾಟಾಗಿರುವುದು ಆ ಮೈದಾನ ಒಂದೇ.

ಹಾಗಾಗಿ ಅಮ್ಮನಿಗೆ ಬೇಕಾಗಿದ್ದು ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರು. ಅಪ್ಪನ ಚೀಟಿ ದುಡ್ಡು, ಅಮ್ಮನ ಉಳಿತಾಯ, ಸೊಸೈಟಿ ಸಾಲ ಎಲ್ಲ ಕೂಡಿಸಿದರೆ ಗೇರಿನ ಕಾರು ಬರುತ್ತಿತ್ತು. ಅದೇ ಕಾರಿನ ಆಟೋಮ್ಯಾಟಿಕ್ಕಿಗೆ ಎಪ್ಪತ್ತು ಸಾವಿರದಷ್ಟು ಕಡಿಮೆ ಬೀಳುತ್ತಿತ್ತು.

"ಗೇರಿಂದೇ ತಗೊಳಿ ಸಾಕು," ಅಂದಳು ಅಮ್ಮ. "ಹೆಂಗೂ ಭಾನುವಾರ ನೀವು ಓಡಿಸ್ತೀರಲ್ಲ."

ಅಂದರೆ ವಾರಕ್ಕೆ ಆರು ದಿನ ಕಾರು ಅಂಗಳದಲ್ಲಿ ಹಾಯಾಗಿ ಬಿಸಿಲು ಕಾಯಿಸುತ್ತದೆ, ಅಮ್ಮ ಗುಡ್ಡ ಹತ್ತುತ್ತಾಳೆ. ಇದನ್ನು ಕೇಳಿದ ಮೇಲೆ ನಾನು ಎದ್ದು ನಿಂತು, ಆ ಎಪ್ಪತ್ತು ಸಾವಿರವನ್ನು ಶೋರೂಮಿನವರಿಂದ ಉದುರಿಸುವ ಜವಾಬ್ದಾರಿ ನನ್ನದು ಎಂದು ಘೋಷಿಸಿದೆ. ಅಜ್ಜಿ, "ಉದುರಿಸು ಮಾರಾಯ್ತಿ, ಮೊದ್ಲು ಆ ಬಟ್ಟೆ ಮಡಚಿ ಇಡು" ಅಂದಳು. ದೊಡ್ಡ ಕೆಲಸಕ್ಕೆ ಹೊರಟವರಿಗೆ ಮನೆಯವರ ಬೆಂಬಲ ಹೀಗೇ ಇರುತ್ತದೆ.

ನನ್ನ ಮೊದಲ ಪಟ್ಟು ಬಹಳ ಸರಳವಾದದ್ದು. ಆ ಕಂಪನಿಯ ಕಾರು ಮಾರುವ ಶೋರೂಮು ಸಾಗರದಲ್ಲೂ ಇತ್ತು, ತೀರ್ಥಹಳ್ಳಿಯಲ್ಲಿ ಬೇರೆಯವರದ್ದೂ ಇತ್ತು. ಅಪ್ಪ ದಿನಾ ಎರಡೂ ಊರಿಗೆ ಹೋಗುತ್ತಾನೆ. ಸಾಗರದಲ್ಲಿ, ತೀರ್ಥಹಳ್ಳಿಯವರು ಕಡಿಮೆಗೆ ಕೊಡ್ತಾರಂತೆ ಅನ್ನಬೇಕು. ತೀರ್ಥಹಳ್ಳಿಯಲ್ಲಿ, ಸಾಗರದವರು ಕಡಿಮೆಗೆ ಕೊಡ್ತಾರಂತೆ ಅನ್ನಬೇಕು. ನಮ್ಮ ಹತ್ತಿರ ಎಷ್ಟು ದುಡ್ಡಿದೆ ಎಂದು ಎಲ್ಲೂ ಬಾಯಿ ಬಿಡಬಾರದು. ಅಪ್ಪನನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ ಬಾಯಿಪಾಠ ಮಾಡಿಸಿದೆ. ಚೆನ್ನಾಗಿಯೇ ಒಪ್ಪಿಸಿದ.

ಸಂಜೆ ಬಂದವನ ಮುಖ ನೋಡಿದರೆ ಏನೋ ಪುಣ್ಯದ ಕೆಲಸ ಮಾಡಿ ಬಂದವನ ಹಾಗಿತ್ತು.

"ಎಂತಾತಪ್ಪಾ?"

"ಸಾಗರದ ಶೋರೂಮಲ್ಲಿ ಇರೋ ಹುಡುಗ ನಮ್ ಬಸ್ಸಲ್ಲೇ ಕಾಲೇಜಿಗೆ ಬರ್ತಿದ್ದವ ಕಣೇ. ಓಡಿ ಬರ್ತಿದ್ದ ಪಾಪ, ನಾನು ಕಾಯ್ತಿದ್ದೆ. ಈಗ ಟೈ ಕಟ್ಕಂಡು ಕೂತಿದಾನೆ. ಈ ತಿಂಗ್ಳು ಒಂದು ಕಾರೂ ಹೋಗ್ಲಿಲ್ಲಂತೆ. ಮುಖ ಇಷ್ಟೇ ಇಷ್ಟಾಗಿತ್ತು."

"ಸರಿ. ತೀರ್ಥಹಳ್ಳೀಲಿ ಎಂತ ಹೇಳ್ದೆ?"

"ತೀರ್ಥಹಳ್ಳಿಯವರಿಗೆ ಹೇಳಿ ಬಂದೆ. ನೀವು ಜಾಸ್ತಿ ಕಡಿಮೆ ಮಾಡ್ಬೇಡಿ, ಸಾಗರದ ಹುಡುಗಂಗೆ ಬೇಜಾರಾಗ್ತದೆ ಅಂತ."

ನಾನು ಕಂಬ ಹಿಡಿದುಕೊಂಡೆ. "ನಮ್ ಹತ್ರ ಎಷ್ಟಿದೆ ಅಂತ ಹೇಳ್ಲಿಲ್ಲ ತಾನೆ?"

"ಸಾಗರದ ಹುಡುಗ ಕೇಳ್ದ."

"ಅವನ ಕೆಲ್ಸನೇ ಕೇಳೋದು ಅಪ್ಪಾ."

"ಕೇಳಿದ್ ಮೇಲೆ ಹೇಳ್ದೇ ಹೋದ್ರೆ ಅವ ಎಂತ ತಿಳ್ಕಣ್ಬೇಡ?"

ಶೋರೂಮಿನವನಿಗೆ ಮಾತ್ರ ಗೊತ್ತಾಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ನಮ್ಮ ದಾರಿಯಲ್ಲಿ ಬಸ್ಸು ಜನರನ್ನಷ್ಟೇ ಒಯ್ಯುವುದಿಲ್ಲ. ಔಷಧಿ, ಮದುವೆ ಕಾಗದ, ರಿಪೇರಿಗೆ ಹೋದ ಮಿಕ್ಸಿ, ಯಾರ ಮನೆಯ ದನ ಕರು ಹಾಕಿತು ಎಂಬ ಸುದ್ದಿ ಎಲ್ಲವನ್ನೂ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲಿಟ್ಟು ಒಯ್ಯುತ್ತದೆ. ನಮ್ಮ ಕಾರಿನ ವಿಷಯವೂ ಆ ಬಾನೆಟ್ಟಿನ ಮೇಲೆಯೇ ಕೂತು ಪ್ರಯಾಣ ಮಾಡಿತು. ಮರುದಿನ ನಾನು ಕಾಲೇಜಿಗೆ ಹೋಗಲು ಬಸ್ಸು ಹತ್ತಿದರೆ ಗುರುತಿಲ್ಲದ ಒಬ್ಬರು ಅಜ್ಜ, "ಎಪ್ಪತ್ತು ಸಾವ್ರ ಕಮ್ಮಿ ಬೀಳ್ತದಂತಲ್ಲ ಮಗಾ" ಎಂದು ಮರುಕಪಟ್ಟು ಸೀಟು ಬಿಟ್ಟುಕೊಟ್ಟರು. ಯುದ್ಧಕ್ಕೆ ಮೊದಲೇ ನಮ್ಮ ಸೈನ್ಯದ ಲೆಕ್ಕ ಊರಿಗೆಲ್ಲ ಡಂಗುರವಾಗಿತ್ತು.

ಎರಡನೆಯ ಪಟ್ಟು ಎದ್ದು ಹೋಗುವುದು. ವಿಡಿಯೋಗಳ ಪ್ರಕಾರ ಇದಕ್ಕಿಂತ ದೊಡ್ಡ ಅಸ್ತ್ರ ಇಲ್ಲ. ಮಾತು ನಡೆಯುತ್ತಿರುವಾಗ ತಟ್ಟನೆ ಎದ್ದು ಬಾಗಿಲ ಕಡೆ ನಡೆಯಬೇಕು. ಬಾಗಿಲು ಮುಟ್ಟುವುದರೊಳಗೆ ಅವರು ಓಡಿ ಬಂದು ಕಡಿಮೆ ಮಾಡುತ್ತಾರೆ. ನಾನು ಮನೆಯವರಿಗೆಲ್ಲ ಹೇಳಿಕೊಟ್ಟೆ: ನನ್ನ ಪೆನ್ನು ಕೆಳಗೆ ಬಿತ್ತು ಅಂದರೆ ಎಲ್ಲರೂ ಏಳಬೇಕು, ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು.

"ಮಾತಾಡ್ದೇ ಎದ್ದು ಬರೋದಾ?" ಅಜ್ಜಿಗೆ ಗಾಬರಿಯಾಯಿತು. "ಅವ್ರು ನಮ್ಗೆ ಎಂತ ಮಾಡಿದಾರೆ?"

ಭಾನುವಾರ ಅಪ್ಪನಿಗೆ ರಜೆ. ನಾಲ್ವರೂ ಸಾಗರಕ್ಕೆ ಹೋದೆವು. ಶೋರೂಮಿನ ನೆಲ ನೋಡಿದ ಅಜ್ಜಿ ಗಾಜಿನ ಬಾಗಿಲ ಹೊರಗೇ ಚಪ್ಪಲಿ ಬಿಟ್ಟಳು. ಅವಳು ಬಿಟ್ಟಳೆಂದು ಅಪ್ಪ ಬಿಟ್ಟ, ಅಪ್ಪ ಬಿಟ್ಟನೆಂದು ಅಮ್ಮ ಬಿಟ್ಟಳು. ಬರಿಗಾಲಲ್ಲಿ ಯಾವ ಸೈನ್ಯ ಗೆದ್ದದ್ದಿದೆ ಎಂದುಕೊಳ್ಳುತ್ತ ನಾನೂ ಬಿಟ್ಟೆ.

ಟೈ ಕಟ್ಟಿದ ಹುಡುಗ ಅಪ್ಪನನ್ನು ನೋಡಿ ಎದ್ದು ನಿಂತ. "ಬನ್ನಿ ಅಣ್ಣ, ಬನ್ನಿ ಟೀಚರ್." ನನ್ನ ಕಡೆ ತಿರುಗಿ, "ಕೂತ್ಕೊಳಿ ಮೇಡಂ" ಅಂದ. ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಮೇಡಂ ಅಂದಿರಲಿಲ್ಲ. ಆ ಒಂದು ಮಾತಿಗೆ ಕಾರಿನ ಪೂರ್ತಿ ಬೆಲೆ ಕೊಟ್ಟುಬಿಡೋಣ ಅನ್ನಿಸಿತು. ಸಾವರಿಸಿಕೊಂಡೆ.

ಅವನು ಬೆಲೆಯ ಹಾಳೆ ಮುಂದಿಟ್ಟ. ಕಾರಿನ ಬೆಲೆ, ಟ್ಯಾಕ್ಸು, ಇನ್ಶೂರೆನ್ಸು, ಆಕ್ಸೆಸರೀಸು, ಕೊನೆಯಲ್ಲಿ ಹ್ಯಾಂಡ್ಲಿಂಗ್ ಚಾರ್ಜು.

"ಇದೆಂತ ಹ್ಯಾಂಡ್ಲಿಂಗ್?" ಅಂದೆ.

"ಯಾರ್ಡಿಂದ ಗಾಡಿ ಇಲ್ಲಿಗೆ ತರೋ ಖರ್ಚು ಮೇಡಂ."

"ಗಾಡಿಗೆ ಚಕ್ರ ಇರ್ತದಲ್ವಾ? ಹೊತ್ಕಂಡು ತರ್ತೀರಾ?"

ಅವನು ನಕ್ಕು ಅದನ್ನು ಹೊಡೆದುಹಾಕಿದ. ಇನ್ಶೂರೆನ್ಸಿಗೆ ಹೊರಗಿನವರು ಹೇಳಿದ ರೇಟು ಫೋನಿನಲ್ಲಿ ತೋರಿಸಿದೆ. ಅಲ್ಲಿ ಒಂದಿಷ್ಟು ಇಳಿಯಿತು. ಆಕ್ಸೆಸರೀಸಿನಲ್ಲಿ ಘಮಘಮ ಬಾಟಲಿ, ಕುತ್ತಿಗೆ ದಿಂಬು, ಇನ್ನೂ ಏನೇನೋ ಇದ್ದವು. ಬೇಡ ಅಂದೆ. ಹಬ್ಬದ ಆಫರು ಮುಗೀತು ಅಂದ. ನಮ್ಮನೆಯಲ್ಲಿ ಹಬ್ಬ ಇನ್ನೂ ಮುಗಿದಿಲ್ಲ ಅಂದೆ. ಪ್ರತಿ ಸಲ ಅವನ ಪೆನ್ನು ಒಂದು ಗೆರೆ ಹೊಡೆದಾಗಲೂ ಅಜ್ಜಿ ಪಕ್ಕದಿಂದ ನನ್ನ ಲಂಗ ಜಗ್ಗಿ, "ಎಲ್ಲಾ ಹೊಡ್ಸಿ ಹಾಕ್ಬೇಡ್ವೇ, ಅವ್ನಿಗೂ ಎಂತಾದ್ರೂ ಉಳೀಲಿ" ಎನ್ನುತ್ತಿದ್ದಳು. ನಾನು ಆ ಹೊತ್ತು ಎರಡೂ ಕಡೆಯವರೊಡನೆ ಯುದ್ಧ ಮಾಡುತ್ತಿದ್ದೆ.

ಕೊರತೆ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧಕ್ಕೆ ಅವನು ಎದ್ದು ಮ್ಯಾನೇಜರ ಗಾಜಿನ ಕೋಣೆಗೆ ಹೋದ. ಅಲ್ಲಿ ಮ್ಯಾನೇಜರ ತಲೆ ಎಡಕ್ಕೂ ಬಲಕ್ಕೂ ಅಲ್ಲಾಡಿದ್ದು ನಮಗೆ ಕಾಣಿಸಿತು. ಹುಡುಗ ಬಂದು, "ಇದ್ರ ಕೆಳಗೆ ನಮ್ಮ ಕೈಯಲ್ಲಿಲ್ಲ ಅಣ್ಣ" ಅಂದ. ಅಮ್ಮ ತನ್ನ ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ನಾನು ಪೆನ್ನು ಬೀಳಿಸಿದೆ.

ಎತ್ತಿಕೊಡಲು ಹುಡುಗ ಬಗ್ಗಿದ. ಅಪ್ಪನೂ ಬಗ್ಗಿದ. ಇಬ್ಬರ ತಲೆಗಳೂ ಢೀ ಹೊಡೆದವು. "ಪೆಟ್ಟಾತಾ ಮಾರಾಯ?" "ನಿಮ್ಗೆ ಆಯ್ತಾ ಅಣ್ಣ?" ಎಂದು ಇಬ್ಬರೂ ಒಬ್ಬರ ಹಣೆ ಒಬ್ಬರು ನೋಡಿದರು. ಅಂತೂ ಮನೆಯವರೆಲ್ಲ ಎದ್ದರು. ಆದರೆ ನಮ್ಮ ಕಡೆ ಎದ್ದವರು ಹೋಗಿಬಿಡುವುದಿಲ್ಲ. ಎದ್ದಲ್ಲೇ ಒಂದು ಸಲ, ಬಾಗಿಲಲ್ಲಿ ಒಂದು ಸಲ, ಚಪ್ಪಲಿ ಮೆಟ್ಟುವಾಗ ಒಂದು ಸಲ, ಗೇಟಿನಲ್ಲಿ ಇನ್ನೊಂದು ಸಲ ಬರ್ತೀವಿ ಅನ್ನಬೇಕು, ನಡುನಡುವೆ ಮರೆತ ಸುದ್ದಿಗಳನ್ನೆಲ್ಲ ಹೇಳಬೇಕು. ಅಜ್ಜಿ ಮೊದಲನೆಯ "ಬರ್ತೀವಪ್ಪ" ಮುಗಿಸುವುದರೊಳಗೆ ಒಬ್ಬರು ಹೆಂಗಸು ಟ್ರೇಯಲ್ಲಿ ಕಾಫಿ ತಂದರು.

"ಕಾಫಿ ಬಂತಲ್ಲ," ಅಂದಳು ಅಮ್ಮ ಮೆಲ್ಲಗೆ. "ಬಿಟ್ಟು ಹೋದ್ರೆ ಚೆನ್ನಾಗಿರಲ್ಲ."

ಎಲ್ಲರೂ ಕೂತರು. ಕುಡಿದಾಯಿತು. ನಾನು ಮತ್ತೆ ಪೆನ್ನು ಬೀಳಿಸಿದೆ. ಎದ್ದರು. ಬಿಸ್ಕತ್ತು ಬಂತು. ಕೂತರು. ಮೂರನೆಯ ಸಲ ಪೆನ್ನು ಬಿದ್ದದ್ದನ್ನು ಯಾರೂ ಗಮನಿಸಲೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಆ ಹುಡುಗನ ತಾಯಿಯ ತವರು ಕವಲೇದುರ್ಗದ ಕೆಳಗಿನ ಊರು ಎಂದು ಅಜ್ಜಿ ಪತ್ತೆ ಹಚ್ಚಿದ್ದಳು. ಅವನ ಅಜ್ಜಿಯ ಮದುವೆಗೆ ಇವಳು ಹೋಗಿದ್ದಳಂತೆ, ಅವತ್ತಿನ ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತಂತೆ. ನಾನೇ ಬಗ್ಗಿ ನನ್ನ ಪೆನ್ನು ಹೆಕ್ಕಿಕೊಂಡೆ.

"ಅದ್ಸರಿ," ಅಂದಳು ಅಜ್ಜಿ ಅವನಿಗೆ, "ಈ ಕಾರು ನಮ್ಮನೆ ಏರು ಹತ್ತತದಾ?"

"ಹುಲಿಕಲ್ ಘಾಟಿನೇ ಹತ್ತತ್ತೆ ಅಜ್ಜಿ."

"ಹುಲಿಕಲ್ ಘಾಟೀಲಿ ನಮ್ಮನೆ ಇಲ್ಲ. ನಮ್ಮನೆಗೇ ತಗಂಡು ಬಾ, ನೋಡುವ. ಬರೋ ಭಾನುವಾರ ಊಟದ ಹೊತ್ತಿಗೆ ಬಾ. ಕಡುಬು ಮಾಡಿರ್ತೀನಿ."

ಹೀಗೆ ನಾವು ಶೋರೂಮಿನಿಂದ ಸಿಟ್ಟು ಮಾಡಿಕೊಂಡು ಎದ್ದು ಬಂದೆವು. ಹುಡುಗ ಹೊರಗೆ ಬಂದು ಅಜ್ಜಿಯ ಚಪ್ಪಲಿ ಸರಿ ಮಾಡಿ ಇಟ್ಟು ಬೀಳ್ಕೊಟ್ಟ.

ಮುಂದಿನ ಭಾನುವಾರ ಅವನು ಹೇಳಿದ ಹೊತ್ತಿಗೆ ಬಂದ. ತಂದದ್ದು ಆಟೋಮ್ಯಾಟಿಕ್ ಕಾರು, ಎರಡೂ ಪಕ್ಕಕ್ಕೆ ಟೆಸ್ಟ್ ಡ್ರೈವ್ ಎಂದು ಕುಂಬಳಕಾಯಿ ಗಾತ್ರದ ಅಕ್ಷರದ ಸ್ಟಿಕ್ಕರು. ಏರು ಹತ್ತಿ ಅಂಗಳಕ್ಕೆ ಬಂದು ನಿಂತಾಗ ಅದಕ್ಕೆ ಏದುಸಿರು ಕೂಡ ಇರಲಿಲ್ಲ. ಅಜ್ಜಿ ಅದರ ಬಾನೆಟ್ಟು ಮುಟ್ಟಿ ನೋಡಿ, "ಮೈ ಬಿಸಿಯಾಗಿದೆ ಪಾಪ" ಅಂದಳು.

ಮೊದಲು ಊಟ. ಉಣ್ಣುವವರ ಎದುರು ದುಡ್ಡಿನ ಮಾತು ಎತ್ತುವುದು ನಮ್ಮ ಮನೆಯಲ್ಲಿ ಇಲ್ಲ. ನನಗೆ ಇದು ಗೊತ್ತಿದ್ದೂ, ಅವನ ಎಲೆಗೆ ಕೋಳಿ ಸಾರು ಬಡಿಸುತ್ತ, "ಆ ಹಬ್ಬದ ಆಫರು..." ಎಂದು ಶುರುಮಾಡಿದೆ. ಅಜ್ಜಿ ಸೌಟು ಎತ್ತಿದಳು. ಬಾಯಿ ಮುಚ್ಚಿಕೊಂಡೆ. ಅವನು ಕಡುಬಿನ ಮೇಲೆ ಕಡುಬು ಹಾಕಿಸಿಕೊಂಡ. ಟೈ ತೊಯ್ಯಬಾರದೆಂದು ಹೆಗಲ ಮೇಲೆ ಹಾಕಿಕೊಂಡಿದ್ದ. ಊರಲ್ಲಿ ಅಮ್ಮ ಒಬ್ಬಳೇ, ಸಾಗರದಲ್ಲಿ ರೂಮು ಮಾಡಿಕೊಂಡಿದ್ದೇನೆ, ಭಾನುವಾರ ಅಂದರೆ ಪಾರ್ಸೆಲ್ ಅನ್ನ ಎಂದ. ಅದಾದ ಮೇಲೆ ಅವನ ಎಲೆಗೆ ಬಿದ್ದ ಕಡುಬುಗಳಿಗೆ ಮಿತಿಯೇ ಇರಲಿಲ್ಲ.

ಆಮೇಲೆ ಅಮ್ಮ ಸ್ಟೇರಿಂಗು ಹಿಡಿದಳು. ಪಕ್ಕದಲ್ಲಿ ಅವನು, ಹಿಂದೆ ನಾನು ಮತ್ತು ಅಪ್ಪ. ಅಪ್ಪ ಹಿಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಎಷ್ಟು ಸಲ ಒತ್ತಿದನೆಂದರೆ ನನ್ನ ಕಾಲ ಬೆರಳು ಜಜ್ಜಿ ಹೋಯಿತು. ಅಮ್ಮ ಇಳಿಜಾರು ಇಳಿದು, ಟಾರು ರಸ್ತೆ ಸೇರಿ, ಹೊಸನಗರದ ಪೇಟೆ ದಾಟಿದಳು. ಅವಳ ಎಡಗಾಲಿಗೆ ಮಾಡಲು ಕೆಲಸವೇ ಇರಲಿಲ್ಲ. ಮದುವೆ ಮನೆಯಲ್ಲಿ ಯಾರೂ ಕೆಲಸ ಹೇಳದ ನೆಂಟರ ಹಾಗೆ ಅದು ಒಂದು ಪಕ್ಕ ಸುಮ್ಮನೆ ಕೂತಿತ್ತು.

ಇಲ್ಲೇ ತಿರುಗಿಸಿ ಸಾಕು ಎಂದು ಯಾರೂ ಹೇಳಲಿಲ್ಲ. ಕೈಮರ ಬಂತು. ಅಮ್ಮ ಎಡಕ್ಕೆ ತಿರುಗಿಸಿದಳು. ಗುಡ್ಡದ ದಾರಿ ಹತ್ತಿ ಬೀಗ ಹಾಕಿದ ಶಾಲೆಯ ಗೇಟಿನ ಎದುರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಿಂದೆ ತಿರುಗಿ ಬಂದ ದಾರಿಯನ್ನು ನೋಡಿದಳು.

"ಇಷ್ಟೇನಾ?" ಅಂದಳು. "ಇಷ್ಟು ಹತ್ರ ಇತ್ತಾ ಇದು?"

ಅಪ್ಪ ಕಿಟಕಿಯ ಹೊರಗೆ, ಅಲ್ಲಿ ಯಾವುದೋ ಬಸ್ಸು ಬರಲಿಕ್ಕಿದೆ ಎಂಬಂತೆ ನೋಡುತ್ತ ಕೂತ. ಹುಡುಗ ಹಿಂದಕ್ಕೆ ತಿರುಗಿ ಅಪ್ಪನ ಮುಖ ನೋಡಿದ, ಮತ್ತೆ ಮುಂದಕ್ಕೆ ತಿರುಗಿದ.

ಮನೆಗೆ ಬಂದ ಮೇಲೆ ಅಮ್ಮ ಕೀಯನ್ನು ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು. "ಚೆನ್ನಾಗಿದೆಯಪ್ಪ. ಆದ್ರೆ ನಮ್ಗೆ ಗೇರಿಂದೇ ಸಾಕು. ಇಲ್ದಿದ್ದಕ್ಕೆ ಯಾಕೆ ಎಲ್ರಿಗೂ ತೊಂದ್ರೆ." ಅಷ್ಟು ಹೇಳಿ ಎಲೆ ಎತ್ತಲು ಒಳಗೆ ಹೋದಳು. ಎಲೆಗಳನ್ನು ಅಜ್ಜಿ ಆಗಲೇ ಎತ್ತಿದ್ದಳು.

ಹುಡುಗ ಕೀ ತಿರುಗಿಸುತ್ತ ನಿಂತೇ ಇದ್ದ. ಆಮೇಲೆ, "ಅಣ್ಣ, ಒಂದ್ ಮಾತು" ಅಂದ. "ಈ ಕಾರನ್ನೇ ಈ ತಿಂಗಳ ಕೊನೇಲಿ ಮಾರ್ತಾರೆ. ಬೇರೆ ಟೆಸ್ಟ್ ಡ್ರೈವ್ ಗಾಡಿ ಬರ್ತಿದೆ. ಜಾಸ್ತಿ ಓಡಿಲ್ಲ. ಹೊಸದಕ್ಕಿಂತ ಸುಮಾರು ಕಡಿಮೆಗೆ ಸಿಗತ್ತೆ. ನಿಮ್ ದುಡ್ಡಲ್ಲಿ ಆಗತ್ತೆ."

ನಾನು ಮುಂದೆ ಬಂದೆ. "ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

ಅವನು ನೆಲ ನೋಡಿದ. "ಇದು ನನ್ನ ಟಾರ್ಗೆಟ್ಟಿಗೆ ಸೇರಲ್ಲ ಮೇಡಂ. ಹೊಸ ಕಾರು ಹೋದ್ರೆ ಮಾತ್ರ ನನ್ನ ಹೆಸ್ರಿಗೆ. ಇದ್ರಲ್ಲಿ ನಂಗೆ ಏನೂ ಇಲ್ಲ."

ಬೇರೆ ಯಾರದ್ದಾದರೂ ಅಪ್ಪನಾಗಿದ್ದರೆ ಈ ಮಾತಿಗೆ ಕುಣಿಯುತ್ತಿದ್ದ. ನನ್ನಪ್ಪ ಗಂಭೀರವಾಗಿ, "ಹಾಗಾರೆ ಬೇಡ" ಅಂದ. "ನಿನ್ನ ಕೆಲ್ಸಕ್ಕೆ ಕಲ್ಲು ಹಾಕಿ ನಮ್ಗೆ ಕಾರು ಬೇಡ. ಹೊಸದೇ ತಗಣ್ತೀನಿ. ದುಡ್ಡು ಎಲ್ಲಾದ್ರೂ ನೋಡ್ತೀನಿ."

"ಬೇಡಣ್ಣ, ಸುಮ್ನೆ ಸಾಲ ಮಾಡ್ಕಬೇಡಿ. ಇದೇ ತಗೊಳಿ."

"ಇಲ್ಲ ಮಾರಾಯ, ಹೊಸದೇ ಕೊಡು."

"ಇಲ್ಲಣ್ಣ, ಕೊಡಲ್ಲ."

ಮಾರುವವನು ಕಡಿಮೆಯ ಕಾರು ತಗೊಳ್ಳಿ ಎಂದು ಗೋಗರೆಯುತ್ತಾನೆ, ಕೊಳ್ಳುವವನು ಹೆಚ್ಚು ದುಡ್ಡು ಕೊಡುತ್ತೇನೆಂದು ಹಟ ಹಿಡಿಯುತ್ತಾನೆ. ನಾನು ನೋಡಿದ ಯಾವ ವಿಡಿಯೋದಲ್ಲೂ ಇದಕ್ಕೆ ಮದ್ದು ಇರಲಿಲ್ಲ. ಇಬ್ಬರೂ ಹೀಗೇ ಮುಂದುವರಿದಿದ್ದರೆ ಇವತ್ತಿಗೂ ಅಂಗಳದಲ್ಲೇ ನಿಂತಿರುತ್ತಿದ್ದರು, ಅಜ್ಜಿ ಇಬ್ಬರಿಗೂ ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದಳು.

ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಇಬ್ರೂ ಬಾಯಿ ಮುಚ್ಚಿ. ಮೊದ್ಲು ಅವಳ ಕಾಲಿಗೊಂದು ದಾರಿ ಆಗ್ಲಿ. ಏ, ನೀ ಅವಳ ಕಾಲಿಗೆ ಬಿಸಿನೀರು ಇಟ್ಟೋನಲ್ಲ, ನಾನು ಇಟ್ಟೋಳು. ನಂಗೊತ್ತು." ಅಪ್ಪ ತಲೆ ತಗ್ಗಿಸಿದ. ಅಜ್ಜಿ ಹುಡುಗನ ಕಡೆ ತಿರುಗಿದಳು. "ನಿನ್ ಕೆಲ್ಸಕ್ಕೂ ಎಂತಾದ್ರೂ ಮಾಡುವ. ಇವನ ಬಸ್ಸಲ್ಲಿ ದಿನಾ ಅಷ್ಟು ಜನ ಕೂರ್ತಾರೆ. ಒಬ್ರಿಗಾದ್ರೂ ಕಾರು ಬೇಡ್ವಾ?"

ಒಳಗೆ ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ದಳು. ಅವಳು ಬೇಡ ಅನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು.

ಮರುದಿನವೇ ಕಾಲೇಜಿಗೆ ಚಕ್ಕರ್ ಹಾಕಿ ಅಪ್ಪನ ಜೊತೆ ಸಾಗರಕ್ಕೆ ಹೋದೆ. ಈ ಸಲ ಚಪ್ಪಲಿ ಬಿಡಲಿಲ್ಲ. ಕಾಫಿ ಬರುವ ಮೊದಲೇ ಮಾತು ಮುಗಿಸಬೇಕೆಂದು ನೇರ ಮ್ಯಾನೇಜರ ಕೋಣೆಗೆ ನುಗ್ಗಿದೆ. ಆ ಕಾರಿನಲ್ಲಿ ಮೂರು ತಾಲೂಕಿನ ಜನ ಕೂತು, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಮನೇಲಿ ಕೇಳಿ ಹೇಳ್ತೀವಿ ಎಂದು ಇಳಿದು ಹೋಗಿದ್ದಾರೆ ಎಂದೆ. ಹಿಂದಿನ ಬಂಪರಿನ ಗೀರಿನ ಮಾತೆತ್ತಿದೆ. ಕೂದಲೆಳೆಯಷ್ಟಿದ್ದ ಆ ಗೀರನ್ನು ನಾನು ವರ್ಣಿಸಿದ್ದು ಕೇಳಿ ಮ್ಯಾನೇಜರು ಎದ್ದು ಹೋಗಿ ನೋಡಿ ಬಂದರು. ನಮ್ಮ ಹೆಸರಿಗೆ ವರ್ಗ ಮಾಡಿಸುವ ಖರ್ಚು ಅವರದ್ದು, ಒಂದು ಸರ್ವಿಸು ಪುಕ್ಕಟೆ, ಉಳಿದ ವಾರಂಟಿ ನಮಗೆ. ಎಲ್ಲ ಒಪ್ಪಿದ ಮೇಲೆ ಅಜ್ಜಿ ಹೇಳಿ ಕಳಿಸಿದ್ದನ್ನು ಕೇಳಿದೆ.

"ಕೊಸರು ಎಂತ ಕೊಡ್ತೀರಿ?"

ಸೊಪ್ಪು ಕೊಂಡರೆ ಮೇಲೊಂದು ಎಸಳು ಹಾಕಿಸಿಕೊಳ್ಳದೆ ಅಜ್ಜಿ ಕಟ್ಟು ಎತ್ತುವುದಿಲ್ಲ. ಮ್ಯಾನೇಜರು ಇಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದವರು ಈ ಮಾತಿಗೆ ನಕ್ಕುಬಿಟ್ಟರು. ಕಾಲಡಿಯ ಮ್ಯಾಟು ಮತ್ತು ಒಂದು ಟ್ಯಾಂಕ್ ಪೆಟ್ರೋಲು ಕೊಸರು ಸಿಕ್ಕಿತು. ನಮ್ಮ ಹತ್ತಿರ ಇದ್ದ ದುಡ್ಡಿನೊಳಗೇ ಎಲ್ಲ ಮುಗಿಯಿತು. ಇದರಲ್ಲಿ ಅರ್ಧ ಕಡುಬಿನ ಪಾಲು ಎಂದು ಅಜ್ಜಿ ಹೇಳುತ್ತಾಳೆ. ನಾನು ಕಾಲು ಭಾಗಕ್ಕೆ ಮಾತ್ರ ಒಪ್ಪಿದ್ದೇನೆ.

ಆ ತಿಂಗಳು ಅಪ್ಪನ ಬಸ್ಸು ಶೋರೂಮಿನ ಶಾಖೆಯಂತಾಯಿತು. ಕಂಡಕ್ಟರು ಟಿಕೆಟ್ಟಿನ ಜೊತೆಗೇ "ಕಾರು ಗೀರು ನೋಡ್ತಿದೀರಾ?" ಎಂದು ಕೇಳುತ್ತಿದ್ದ. ಸಾಗರಕ್ಕೆ ಕೆಲಸವಿದ್ದವರೂ ಇಲ್ಲದವರೂ ಡ್ರೈವರು ಹೇಳಿದರೆಂಬ ದಾಕ್ಷಿಣ್ಯಕ್ಕೆ ಶೋರೂಮಿಗೆ ಹೋಗಿ ಕೂತು ಕಾಫಿ ಕುಡಿದು ಬಂದರು. ಕಾಫಿಪುಡಿ ಖಾಲಿಯಾಗಿ ಅಂಗಡಿಗೆ ಓಡಬೇಕಾಯಿತಂತೆ. ಕೊನೆಗೆ ರಿಪ್ಪನ್‌ಪೇಟೆ ಕಡೆಯ ಕೋಳಿ ಫಾರಮ್ಮಿನವರೊಬ್ಬರು ನಿಜವಾಗಿಯೂ ಒಂದು ಹೊಸ ಕಾರು ಕೊಂಡರು. ಆ ದಿನ ಹುಡುಗ ಅಪ್ಪನಿಗೆ ಫೋನು ಮಾಡಿದ. ಅಪ್ಪ ಎರಡು ಸಲ "ಒಳ್ಳೇದಾತು" ಅಂದು, ಫೋನಿಟ್ಟು, ತಾನೇ ಆ ಕಾರು ಕೊಂಡವನ ಹಾಗೆ ಮನೆ ತುಂಬ ಓಡಾಡಿದ.

ನಮ್ಮ ಕಾರಿನ ಸ್ಟಿಕ್ಕರು ಕಿತ್ತರೂ ಅಂಟಿನ ಗುರುತು ಹೋಗಲಿಲ್ಲ. ಬೆಳಗಿನ ಬಿಸಿಲು ಒಂದು ಪಕ್ಕದಿಂದ ಬಿದ್ದರೆ ಟೆಸ್ಟ್ ಡ್ರೈವ್ ಎಂದು ಇಂದಿಗೂ ಓದಬಹುದು. ಅಮ್ಮ ಸ್ಟಾಪಿನಲ್ಲಿ ನಿಲ್ಲಿಸಿದ್ದಾಗ ಒಬ್ಬರು ಬಂದು, "ನಮ್ಗೂ ಒಂದ್ ರೌಂಡ್ ಸಿಗ್ತದಾ?" ಎಂದು ಕೇಳಿದ್ದರು. ಅಮ್ಮನಿಗೆ ಇಲ್ಲ ಅನ್ನಲು ಆಗಲಿಲ್ಲ. ಅವರನ್ನು ಹೊಸನಗರದ ಬ್ಯಾಂಕಿನವರೆಗೆ ಬಿಟ್ಟಳು.

ಅಮ್ಮ ಸ್ಟಾಪಿನಲ್ಲಿ ಯಾಕೆ ನಿಲ್ಲಿಸಿದ್ದಳು ಎಂಬುದೇ ದೊಡ್ಡ ಕತೆ. ಅವಳು ಹೊರಡುವ ಹೊತ್ತಿಗೆ ಅಪ್ಪನ ಬಸ್ಸೂ ನಮ್ಮ ದಾರಿಯಲ್ಲಿ ಹೋಗುತ್ತದೆ. ಅಮ್ಮ ಅದರ ಹಿಂದೆ. ಬಸ್ಸು ನಿಂತರೆ ಅಮ್ಮನೂ ನಿಲ್ಲಿಸುತ್ತಾಳೆ. ಒಬ್ಬರು ಕೋಳಿ ಹಿಡಿದುಕೊಂಡು ಹತ್ತುತ್ತಾರೆ, ಮತ್ತೊಬ್ಬರು ಮೂಟೆ ಇಳಿಸುತ್ತಾರೆ. ಅಷ್ಟು ಹೊತ್ತೂ ಅಮ್ಮ ಹಿಂದೆ ಕಾಯುತ್ತಾಳೆ. ಮುಂದೆ ಹೋಗುವುದಿಲ್ಲ. "ಅವ್ರು ಓಡಿಸ್ತಿರುವಾಗ ಹಾರ್ನ್ ಹೊಡ್ದು ದಾಟೋದು ಎಂತ ಚೆಂದ?" ಎನ್ನುತ್ತಾಳೆ. ಇಷ್ಟೆಲ್ಲ ಯುದ್ಧ ಮಾಡಿ ನಾನು ಕೊಡಿಸಿದ ಕಾರು ಬಸ್ಸಿನ ಹೊಗೆ ಕುಡಿಯುತ್ತ ಬಸ್ಸು ಮುಟ್ಟುವ ಹೊತ್ತಿಗೇ ಕೈಮರ ಮುಟ್ಟುತ್ತಿತ್ತು.

ಒಂದು ದಿನ ಕಾಲೇಜಿಗೆ ರಜೆಯಿತ್ತು. ಶಾಲೆ ನೋಡುವ ನೆಪದಲ್ಲಿ ನಾನೂ ಅಮ್ಮನ ಪಕ್ಕ ಕೂತಿದ್ದೆ. ಕೈಮರಕ್ಕೆ ಸ್ವಲ್ಪ ಮೊದಲು ಒಂದು ನೇರ ರಸ್ತೆ ಸಿಗುತ್ತದೆ. ಅಲ್ಲಿ ಬಸ್ಸು ನಿಧಾನವಾಯಿತು. ಸ್ಟಾಪು ಇರಲಿಲ್ಲ, ಹತ್ತುವವರೂ ಇರಲಿಲ್ಲ. ಡ್ರೈವರ್ ಕಿಟಕಿಯಿಂದ ಅಪ್ಪನ ಕೈ ಹೊರಗೆ ಬಂತು. ಘಾಟಿಯಲ್ಲಿ ಹಿಂದಿನ ಲಾರಿಗೆ ದಾರಿ ಬಿಡುವಾಗ ಮಾಡುವ ಹಾಗೆ ಅಂಗೈ ಮುಂದಕ್ಕೆ ಬೀಸಿತು.

ಅಮ್ಮ ಕಾದಳು. ಕೈ ಮತ್ತೊಮ್ಮೆ ಬೀಸಿತು. ಹಿಂಬಾಗಿಲಿನಿಂದ ಕಂಡಕ್ಟರೂ ತಲೆ ಹೊರಗೆ ಹಾಕಿ, "ಹೋಗಿ ಟೀಚರೇ, ಅವ್ರೇ ಹೇಳ್ತಿದಾರೆ" ಅಂದ.

ಅಮ್ಮ ಹಾರ್ನನ್ನು ಒಂದೇ ಒಂದು ಸಲ, ತಪ್ಪಾಯಿತು ಎಂಬಷ್ಟು ಮೆಲ್ಲಗೆ ಒತ್ತಿದಳು. ಬಸ್ಸಿನ ಪಕ್ಕಕ್ಕೆ ಬಂದೆವು. ಕಿಟಕಿ ಕಿಟಕಿಯಲ್ಲೂ ಮುಖ. ಅಪ್ಪನ ಸಾಲಿಗೆ ಬಂದಾಗ ಅಮ್ಮ ಅತ್ತ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದಳು. ಅಪ್ಪ ಮಾತ್ರ ಕೈ ಒಳಗೆ ಎಳೆದುಕೊಳ್ಳದೆ, ನಾವು ದಾಟುವವರೆಗೂ ಹಾಗೇ ಚಾಚಿಕೊಂಡಿದ್ದ.

"ಬಸ್ಸಲ್ಲಿದ್ದೋರು ಎಂತ ತಿಳ್ಕಂಡ್ರೋ ಏನೋ," ಅಂದಳು ಅಮ್ಮ.

ಹಾಗನ್ನುತ್ತಲೇ ಬಲಗಾಲು ಇನ್ನೊಂದಿಷ್ಟು ಒತ್ತಿದಳು. ಕೈಮರದಲ್ಲಿ ಎಡಕ್ಕೆ ತಿರುಗಿಸಿ ಗುಡ್ಡ ಹತ್ತುವಾಗ ಕನ್ನಡಿಯಲ್ಲಿ ಬಸ್ಸು ಇನ್ನೂ ಕೆಳಗಿನ ರಸ್ತೆಯಲ್ಲಿ ಹಿಂದೆಯೇ ಇತ್ತು.